ಎರಡು ಟನ್ ಸ್ಟೀಲು

ಭಾನುವಾರ ಬೆಳಿಗ್ಗೆ ಹೇರೋಹಳ್ಳಿಯ ಪಾರ್ಕಿನ ಗೇಟಿಗೆ ಒಂದು ಬ್ಯಾನರ್ ಬಿತ್ತು. 'ಹಳೇ ಪಾತ್ರೆಗಳನ್ನು ಮರುಬಳಕೆಗೆ ಕೊಟ್ಟು ಒಂದೇ ವರ್ಷದಲ್ಲಿ ಎರಡು ಟನ್ ಸ್ಟೀಲ್ ಉಳಿಸಿದ ಶ್ರೀ ಗಿರಿರಾಜ್ ಅವರಿಗೆ ಇಂದು ಸಂಜೆ ಸನ್ಮಾನ.' ಗಿರಿರಾಜನ ಎದುರುಮನೆಯ ಯೋಗಾನಂದನಿಗೆ ಕುಡಿಯುತ್ತಿದ್ದ ಕಾಫಿ ಕಹಿಯಾಯಿತು. ಹನ್ನೆರಡು ವರ್ಷದಿಂದ ಅವನು ಬಡಾವಣೆ ಸಂಘದ ಸದಸ್ಯ. ಶಾಲು ಹಾಗಿರಲಿ, ಒಂದು ನಿಂಬೆಹಣ್ಣನ್ನೂ ಯಾರೂ ಅವನ ಕೈಗಿಟ್ಟಿರಲಿಲ್ಲ.

"ಅವನದು ಇಬ್ಬರೇ ಇರೋ ಮನೆ ಕಣೇ. ಎರಡು ಟನ್ ಎಲ್ಲಿಂದ ಬಂತು? ಮನೆ ಕಂಬೀನೇ ಕಿತ್ತು ಕೊಟ್ನಾ?"

"ನಿಮಗ್ಯಾಕ್ರೀ ಹೊಟ್ಟೆಕಿಚ್ಚು? ಸ್ನಾನಕ್ಕೆ ಹೋಗಿ," ಎಂದಳು ಹೆಂಡತಿ ಶಶಿಕಲಾ.

"ಹೆಂಗೆ ಹೋಗ್ಲಿ? ದೀಪಾವಳಿಯಿಂದ ನನ್ನ ಸ್ಟೀಲ್ ಚೊಂಬೇ ಕಾಣ್ತಿಲ್ಲ."

ಶಶಿಕಲಾ ಒಗ್ಗರಣೆ ಕಡೆ ತಿರುಗಿಕೊಂಡಳು.

ಹೊಟ್ಟೆಕಿಚ್ಚೇ, ಸುಳ್ಳೇನು ಬಂತು. ಯೋಗಾನಂದ ನೆಟ್ಟಗೆ ಗಿರಿರಾಜನ ಗೇಟಿಗೆ ಹೋಗಿ ಲೆಕ್ಕ ಕೇಳಿದ.

"ಸಿಂಪಲ್ ಸಾರ್," ಎಂದ ಗಿರಿರಾಜ, ಕೈಯಲ್ಲಿದ್ದ ಸ್ಟೀಲ್ ಲೋಟ ತೋರಿಸುತ್ತ. "ಈ ಲೋಟ ಇವತ್ತು ಬಿಸಾಕಲಿಲ್ಲ, ಉಳೀತು. ನಾಳೆನೂ ಬಿಸಾಕಲ್ಲ, ಮತ್ತೆ ಉಳೀತು. ವರ್ಷಕ್ಕೆ ಮುನ್ನೂರ ಅರವತ್ತೈದು ಲೋಟ ಆಯ್ತಲ್ಲ."

ಯೋಗಾನಂದನಿಗೆ ಮೈಯೆಲ್ಲ ಉರಿದುಹೋಯಿತು. ಗುಜರಿ ಅಂಗಡಿಯವನ ಕೈಕಾಲು ಹಿಡಿದು ಕೊಕ್ಕೆ ತಕ್ಕಡಿ ತಂದ.

ಸಂಜೆ ವೇದಿಕೆಯ ಮೇಲೆ, ಕರಗಿಸಲು ಹೋಗಬೇಕಿದ್ದ ಗಿರಿರಾಜನ ಹಳೇ ಪಾತ್ರೆಗಳ ಚೀಲ ಕೂತಿತ್ತು. ಸಂಘದ ಅಧ್ಯಕ್ಷ ಕೃಷ್ಣಯ್ಯ ಶಾಲು ಬಿಚ್ಚುವಷ್ಟರಲ್ಲಿ ಯೋಗಾನಂದ ಮೇಲೆ ಹತ್ತಿದ. "ಮೊದಲು ತೂಕ, ಆಮೇಲೆ ಶಾಲು. ಮನೇಲಿರೋ ಲೋಟ ಲೆಕ್ಕಕ್ಕಿಲ್ಲ."

ತೂಗಿದರು. ಹತ್ತೊಂಬತ್ತು ಕೆಜಿ.

ಜನ ನಕ್ಕರು. ಗಿರಿರಾಜ ತಲೆ ತಗ್ಗಿಸಿದ. ಯೋಗಾನಂದನ ಹೊಟ್ಟೆ ತಣ್ಣಗಾಯಿತು. ಸುಮ್ಮನಿರಬಾರದೇ? "ಎಲ್ಲರೂ ಕಣ್ತುಂಬ ನೋಡಿ," ಎಂದು ಚೀಲವನ್ನು ಬೋರಲು ಹಾಕಿದ. ಒಂದು ಚೊಂಬು ಉರುಳಿ ಅವನ ಕಾಲ ಬಳಿ ನಿಂತಿತು. ಅದರ ಕಂಠದ ಮೇಲೆ, ಪಾತ್ರೆ ಅಂಗಡಿಯಲ್ಲಿ ಹೊಡೆಸಿದ ಹೆಸರು: 'ಶಶಿಕಲಾ ಯೋಗಾನಂದ'. ತಪ್ಪಲೆ, ತಟ್ಟೆ, ಮುಚ್ಚಳ, ಎಲ್ಲದರ ಮೇಲೂ ಅದೇ ಹೆಸರು.

"ಇವರು ಒಂದು ಚಮಚ ಬಿಸಾಕೋಕೂ ಬಿಡಲ್ಲ," ಎಂದಳು ಕೆಳಗಿದ್ದ ಶಶಿಕಲಾ. "ಅದಕ್ಕೇ ಗೊತ್ತಾಗದಂಗೆ ಗಿರಿರಾಜಣ್ಣನ ಕೈಗೆ ಕೊಡ್ತಿದ್ದೆ."

ಕೃಷ್ಣಯ್ಯ ಅವಳನ್ನೇ ಮೇಲೆ ಕರೆದು ಶಾಲು ಹೊದಿಸಿದರು. ಮೈಕಿನಲ್ಲಿ, "ಹತ್ತೊಂಬತ್ತು ಟನ್ ಉಳಿಸಿದ ನಮ್ಮ ಶಶಿಕಲಮ್ಮನವರಿಗೆ..." ಎಂದರು. ಯೋಗಾನಂದನ ಕಡೆ ಬಾಗಿ, "ಕೆಜಿ ಅಂದ್ರೆ ಯಾರೂ ಚಪ್ಪಾಳೆ ಹೊಡೆಯಲ್ಲ ಕಣಪ್ಪ," ಎಂದು ಮೆಲ್ಲಗೆ ಸೇರಿಸಿದರು.

"ಸಾರ್, ಟನ್ ಅಂತೆ. ಕೇಳಿ, ನೀವೇ ಕೇಳ್ಬೇಕು," ಎಂದ ಗಿರಿರಾಜ.

ಯೋಗಾನಂದ ಬಾಯಿ ತೆರೆದ. ಶಶಿಕಲಾ ಶಾಲು ಸರಿಮಾಡಿಕೊಳ್ಳುತ್ತ ಅವನನ್ನೇ ನೋಡಿದಳು.

"ಲೆಕ್ಕ ಸರಿಯಾಗಿದೆ," ಎಂದ ಯೋಗಾನಂದ, ಚೊಂಬನ್ನು ತಾನೇ ಚೀಲಕ್ಕೆ ಹಾಕುತ್ತ.