ಡೆಲ್ಮಸ್‌ನ ಅಸಲಿ ಏಡಿ ಕೇಕು

ಕ್ಷೌರದಂಗಡಿಯಲ್ಲಿ ಬಾಯಿ ಜಾರಿದ್ದೇ ಡೆಲ್ಮಸ್ ಪ್ರೂಯಿಟ್‌ನ ತಪ್ಪು. "ಏಡಿ ಕೇಕು ಏನ್ ಮಹಾ? ನನ್ ಹೆಂಡ್ತಿ ಮಾಡ್ತಾಳೆ ಅಂದ್ಮೇಲೆ ಯಾರ್ ಬೇಕಾದ್ರೂ ಮಾಡ್ಬಹುದು" ಅಂದಿದ್ದ. ಮಾತು ಅವನಿಗಿಂತ ಮೊದಲೇ ಮನೆ ಸೇರಿತ್ತು.

ಶನಿವಾರ ಬೆಳಿಗ್ಗೆ ವರ್ನಾ ತನ್ನ ಏಪ್ರನ್ನನ್ನು ಗಂಡನ ಕೊರಳಿಗೆ ಹಾಕಿದಳು. "ಸಂಜೆ ಚರ್ಚಿನ ಊಟಕ್ಕೆ ನಲವತ್ತು ಕೇಕು ಬೇಕು. ಇಪ್ಪತ್ತು ವರ್ಷದ ನನ್ ಹೆಸರು ಕೆಡ್ತೋ, ಈ ಮನೇಲಿ ನಿಂಗೆ ಕಾಫಿನೂ ಹುಟ್ಟಲ್ಲ" ಎಂದವಳೇ ತಂಗಿಯ ಮನೆಗೆ ಹೊರಟುಬಿಟ್ಟಳು.

ಅಮೆರಿಕದ ಚೆಸಪೀಕ್ ಕೊಲ್ಲಿಯ ದಂಡೆಯ ಆ ಊರಿನಲ್ಲಿ ದೇವರೊಬ್ಬನೇ ಎಂದು ಎಲ್ಲರೂ ಒಪ್ಪುತ್ತಿದ್ದರು. ಏಡಿ ಮಾಂಸವನ್ನು ವಡೆಯಂತೆ ತಟ್ಟಿ ಬಾಣಲೆಯಲ್ಲಿ ಬೇಯಿಸುವ ಈ ಏಡಿ ಕೇಕಿನ ವಿಷಯದಲ್ಲಿ ಮಾತ್ರ ಮನೆಗೊಂದು ಮತ.

ಮೊದಲು ಕಿಟಕಿಯಲ್ಲಿ ತಲೆ ತೂರಿಸಿದವನು ಪಕ್ಕದ ಮನೆಯ ಆಸ್ಬರಿ, ನಲವತ್ತು ವರ್ಷ ದೋಣಿಯಲ್ಲಿ ಏಡಿ ಹಿಡಿದವನು. "ಲೇ, ಉಪ್ಪು ಬಿಸ್ಕತ್ತು ಪುಡಿ ಮಾಡಿ ಹಾಕೋ. ಸಾಸಿವೆ, ಮೊಟ್ಟೆ. ಮುಗೀತು."

ಡೆಲ್ಮಸ್ ಹಾಕಿ ಕಲಸಿದ. ಅಷ್ಟರಲ್ಲಿ ಮಿಸ್ ಲಿಯೋರಾ ಬಂದರು. ಊರಿಗೆಲ್ಲ ಮಗ್ಗಿ ಕಲಿಸಿದ ಮೇಡಂ. ಐವತ್ತು ದಾಟಿದ ಡೆಲ್ಮಸ್ ಈಗಲೂ ಅವರೆದುರು ಕೈಕಟ್ಟಿಯೇ ನಿಲ್ಲುತ್ತಿದ್ದ.

"ಬಿಸ್ಕತ್ತಾ? ಥೂ! ಏಡಿನ ಏಡೀನೇ ಹಿಡ್ಕೋಬೇಕು ಕಣೋ. ಹಿಟ್ಟು, ಬ್ರೆಡ್ಡು ಬೆರೆಸೋದೆಲ್ಲ ಕೊಲ್ಲಿ ಆಚೆಯವರ ಬುದ್ಧಿ. ತೊಳ್ದು ತೆಗಿ!"

ತೊಳೆದ. ಬಾಣಲೆಗೆ ಬಿಟ್ಟ. ಕೇಕುಗಳು ಸಂತೆ ಮುಗಿದ ಮೇಲಿನ ಜನರಂತೆ ದಿಕ್ಕಿಗೊಂದು ಚದುರಿದವು.

"ನಾನ್ ಹೇಳ್ಲಿಲ್ವಾ?" ಎಂದು ಆಸ್ಬರಿ ಒಳನುಗ್ಗಿ, ಇಡೀ ಡಬ್ಬಿ ಬಿಸ್ಕತ್ತು ಸುರಿದ. ಈ ಸಲದ ಕೇಕು ಎಷ್ಟು ಗಟ್ಟಿಯಾಯಿತೆಂದರೆ, ನೆಲಕ್ಕೆ ಬಿದ್ದದ್ದು ಪುಟಿದು ಬೆಕ್ಕಿಗೆ ತಗುಲಿತು. ಬೆಕ್ಕು ಮನೆ ಬಿಟ್ಟಿತು. ಮೇಡಂ ಮತ್ತು ಆಸ್ಬರಿ ಜಗಳವಾಡುತ್ತಲೇ ಹೊರಬಿದ್ದರು. ಗಂಟೆ ನಾಲ್ಕು.

ಡೆಲ್ಮಸ್ ಹಿಂಬಾಗಿಲಿನಿಂದ ನುಸುಳಿ ಜೀಪು ಹತ್ತಿದ. ಹೆದ್ದಾರಿಯ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿದ್ದ ನಲವತ್ತೂ ಕೇಕು ಕೊಂಡು ತಂದು, ವರ್ನಾಳ ದೊಡ್ಡ ತಟ್ಟೆಯಲ್ಲಿ ಜೋಡಿಸಿದ.

ಚರ್ಚಿನಲ್ಲಿ ಮೊದಲ ತುತ್ತಿಗೇ ಎಲ್ಲರೂ ತಲೆದೂಗಿದರು. "ಇದು ಕಣ್ರೋ ನಮ್ ಕೊಲ್ಲಿ ರುಚಿ! ನನ್ ಬಿಸ್ಕತ್ತೇ!" ಎಂದ ಆಸ್ಬರಿ. ಮಿಸ್ ಲಿಯೋರಾ ಒಂದು ಚೂರು ಕಚ್ಚಿದರು. ಅಗಿಯುವುದು ನಿಂತಿತು. ಕೇಕನ್ನು ನೋಡಿದರು, ಡೆಲ್ಮಸ್‌ನನ್ನು ನೋಡಿದರು. ನಿಧಾನವಾಗಿ ಎದ್ದು, "ಅಸಲಿ. ಎರಡು ಮಾತಿಲ್ಲ" ಎಂದರು. ಚಪ್ಪಾಳೆ ಬಿತ್ತು.

ಡೆಲ್ಮಸ್‌ಗೆ ತಡೆಯಲಾಗಲಿಲ್ಲ. ಮೇಡಂ ಅವರನ್ನು ಚರ್ಚಿನ ಅಡುಗೆಕೋಣೆಯ ಮೂಲೆಗೆ ಕರೆದ. "ಮೇಡಂ, ನಿಜ ಹೇಳ್ಬಿಡ್ತೀನಿ. ಅದು ಪೆಟ್ರೋಲ್ ಬಂಕಿಂದು..."

"ಮೆಲ್ಲಗೆ ಬೊಗಳೋ! ಆರು ವರ್ಷದಿಂದ ಆ ಬಂಕಿಗೆ ಮಾಡಿ ಕೊಡ್ತಿರೋಳು ನಾನೇ."

"ನೀವಾ? ಮತ್ತೆ ತಿಂದಾಗ ಅದ್ರಲ್ಲಿ ಬ್ರೆಡ್ಡು ಸಿಕ್ತಲ್ಲ?"

"ಹಾಕ್ದೆ ಹಿಡ್ಕೊಳ್ಳಲ್ಲ ಕಣೋ, ಏನ್ ಮಾಡ್ಲಿ!"

ಡೆಲ್ಮಸ್‌ಗೆ ಹೋದ ಜೀವ ಬಂತು. "ಹಾಗಾದ್ರೆ ಇಬ್ರೂ ಸುಮ್ನಿದ್ಬಿಡೋಣ, ಮೇಡಂ."

"ಸುಮ್ನಿರೋಣ. ಆದ್ರೆ ಅಂಗಡಿ ಖಾಲಿ ಮಾಡಿದೋನು ನೀನು. ಸೋಮವಾರ ಬೆಳಿಗ್ಗೆ ಐದಕ್ಕೆ ಬಾ, ಮೂರು ಬುಟ್ಟಿ ಏಡಿ ಬಿಡಿಸ್ಬೇಕು."

ಆಚೆ ಪಾದ್ರಿಗಳು ಮೈಕು ಹಿಡಿದು ಸಾರುತ್ತಿದ್ದರು: "ಇನ್ಮೇಲೆ ಪ್ರತಿ ಶನಿವಾರವೂ ಡೆಲ್ಮಸ್ ಅವರ ಕೈರುಚಿ! ವರ್ನಾ ಈಗಷ್ಟೇ ಫೋನಿನಲ್ಲಿ ಒಪ್ಪಿದ್ದಾರೆ."