ಮಿಣುಕು ಹಿಡಿಯುವ ಷಡ್ಡಕ

ನನ್ನ ಷಡ್ಡಕನಿಗೆ, ಅಂದರೆ ನಾದಿನಿಯ ಗಂಡನಿಗೆ, ಉರಿಯುವ ದೀಪ ಕಂಡರೆ ಟಾಟಾ ಮಾಡುವ ಕಾಯಿಲೆ!

ಕಣ್ಣ ಮುಂದೆ ಬೆರಳು ಬಿಡಿಸಿ ಪಟಪಟ ಆಡಿಸುತ್ತಾನೆ. ಬೆರಳು ತುಂಡು ತುಂಡಾಗಿ ಕಂಡರೆ ದೀಪ ಬರಿಗಣ್ಣಿಗೆ ಕಾಣದ ಹಾಗೆ ಮಿಣುಕುತ್ತಿದೆ ಎಂದರ್ಥವಂತೆ. ಒಮ್ಮೆ ಕಾಮಗೆರೆಯಲ್ಲಿ ಬೀದಿದೀಪಕ್ಕೆ ಹೀಗೆ ಕೈಯಾಡಿಸಿ ಹನೂರಿನ ಬಸ್ಸನ್ನೇ ನಿಲ್ಲಿಸಿದ. "ಅತ್ತಿ ಸಾ, ಬಿರ್ನೆ!" ಎಂದು ಹತ್ತಲು ಅವಸರಪಡಿಸಿದ ಕಂಡಕ್ಟರ್. "ನಿಮ್ಗಲ್ಲ ಕಣ್ರಿ, ಲೈಟಿಗೆ" ಅಂದ ಇವನು. ಕಂಡಕ್ಟರ್ ಬೈದದ್ದು ನನಗೆ ಇವತ್ತಿಗೂ ಬಾಯಿಪಾಠ. ಕೇಳಲು ಎಷ್ಟು ಹಿತವಾಗಿತ್ತು ಅಂತೀರಿ!

ನನಗೇಕೆ ಇಷ್ಟು ಹೊಟ್ಟೆಯುರಿ? ಕೊಳ್ಳೇಗಾಲದಲ್ಲಿ ನನ್ನದು ಲೈಟಿಂಗ್ಸ್ ಅಂಗಡಿ; ಮದುವೆ ಚಪ್ಪರಕ್ಕೆ ಸೀರಿಯಲ್ ಸೆಟ್ ಕಟ್ಟುವುದು ಕಸುಬು. ಇವನ ಮೊದಲ ದೀಪಾವಳಿಗೆ ಹನೂರಿನ ಮಾವನ ಮನೆಗೆ ನಾನೇ ದೀಪ ಕಟ್ಟಿದ್ದೆ. ಹೊಸ ಅಳಿಯ ಬಂದವನೇ ಕೈಯಾಡಿಸಿ, "ಎಲ್ಲಾ ಮಿಣುಕ್ತಾವೆ ಮಾವ" ಅಂದ. ಮಾವ ನನ್ನತ್ತ ತಿರುಗಿ, "ಇಷ್ಟ್ ವರ್ಸದಿಂದ ಕಟ್ತಿದ್ದೀರಿ, ಗೊತ್ತೇ ಆಗ್ನಿಲ್ವಾ?" ಅಂದರು. ಅಂದು ಊಟದ ಸಾಲಿನ ಮೊದಲ ಎಲೆ, ಹಿರಿಯಳಿಯನಾದ ನನ್ನ ಎಲೆ, ಅವನಿಗೆ ಹೋಯಿತು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಆದರೂ ನಾಲ್ಕು ತಿಂದೆ, ಆ ಮಾತು ಬೇರೆ.

ಆಮೇಲೆ ಅವನಿಗೆ ಉತ್ತರ ಧ್ರುವದ ಹತ್ತಿರ ಕೆಲಸ ಸಿಕ್ಕಿತು. ಅಲ್ಲಿ ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತದಂತೆ. ಅದು ಸೆಕೆಂಡಿಗೆ ಹತ್ತಾರು ಸಲ ಮಿಣುಕುವುದನ್ನು ಭಾರೀ ಸೂಕ್ಷ್ಮದ ಕ್ಯಾಮೆರಾದಲ್ಲಿ ಹಿಡಿಯುವುದೇ ಇವನ ಉದ್ಯೋಗ! ನನ್ನ ಬಲ್ಬು ಮಿಣುಕಿದರೆ ಬೈಗುಳ, ಆಕಾಶ ಮಿಣುಕಿದರೆ ಇವನಿಗೆ ಶಾಲು. ಯಾವೂರ ನ್ಯಾಯ ಸ್ವಾಮಿ ಇದು?

ಹೊರಡುವ ಮುನ್ನ ಅಂಗಡಿಗೆ ಬಂದು, "ಅಣ್ಣ, ಒಂಚೂರೂ ಮಿಣುಕ್ದೇ ಇರೋ ದೀಪ ಮಾಡ್ಕೊಡಿ" ಅಂದ. ಈ ಸಲ ಇವನ ಬೆರಳಿಗೆ ಸಿಕ್ಕಿಬೀಳಬಾರದೆಂದು ಹಟಕ್ಕೆ ಬಿದ್ದೆ. ಮೂರು ದಿನ ಕೂತು, ಟೀಪುಡಿ ಡಬ್ಬಿಯಲ್ಲಿ ಬಲ್ಬು, ಬ್ಯಾಟರಿ ಕೂರಿಸಿಕೊಟ್ಟೆ. ಬೆರಳಾಡಿಸಿ ನೋಡಿದ. ಚೀಲಕ್ಕೆ ಹಾಕಿಕೊಂಡು ಹೋದ.

ಈ ದೀಪಾವಳಿಗೆ ಮಾವನ ಮನೆಗೆ ವಿಡಿಯೋ ಕಾಲ್ ಮಾಡಿದ. ಆಕಾಶ ನೋಡಲು ಎಲ್ಲರೂ ಮುತ್ತಿಕೊಂಡರೆ, ಫೋನಿನಲ್ಲಿ ನನ್ನ ಟೀಪುಡಿ ಡಬ್ಬಿ!

"ಮಾವ, ದಿನಾ ಮೊದ್ಲು ಕ್ಯಾಮೆರಾಕ್ಕೆ ಅಣ್ಣನ ದೀಪ ತೋರಿಸ್ತೀವಿ. ಇದು ಮಿಣುಕ್ದೆ ನಿಂತ್ರೆ ತಾನೇ, ಮಿಣುಕ್ತಿರೋದು ಕ್ಯಾಮೆರಾ ಅಲ್ಲ, ಆಕಾಶಾನೇ ಅಂತ ನಂಬೋದು!"

ಮಾವ ನನ್ನ ತೋಳು ಹಿಡಿದು ಮೊದಲ ಎಲೆಗೆ ಕೂರಿಸಿದರು. ಎಷ್ಟು ವರ್ಷ ಕಾದ ಎಲೆ! ಕೂತರೆ, ಪಕ್ಕದ ಜಾಗ ಬಿಕೋ ಅಂದಿತು.

"ಲೇ, ಇಲ್ಲೊಂದು ಎಲೆ ಆಕು" ಅಂದೆ ಹೆಂಡತಿಗೆ.

"ಯಾರ್ಗೆ?"

ಆ ಎಲೆಯ ಮುಂದೆ ನೀರಿನ ಚೆಂಬಿಗೆ ಫೋನ್ ಒರಗಿಸಿದೆ. ಆ ಪುಣ್ಯಾತ್ಮ ಅಲ್ಲಿಂದಲೇ ಮಾವನ ಮನೆಯ ಬಲ್ಬಿಗೆ ಬೆರಳಾಡಿಸುತ್ತಿದ್ದ. ನಾನೂ ಬೆರಳು ಬಿಡಿಸಿ ಪಟಪಟ ಆಡಿಸಿದೆ. ಲೈಟಿಗಲ್ಲ, ಅವನಿಗೆ.