ಗುರುವಾರವೇ ವಿಮಾನ ಹತ್ತಿದ ಆಯ್ಕೆದಾರರಿಗೆ, ಒಂದು ಎಡಗಾಲಿನ ಪರವಾಗಿ

ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ತಂಡದ ಹಿರಿಯ ಆಯ್ಕೆದಾರರೂ, ಕಣ್ಣಿಗೆ ಬಿದ್ದ ಕೈಕಾಲುಗಳನ್ನೆಲ್ಲ ಅಳೆಯದೆ ಬಿಡದವರೂ ಆದ ಮಾನ್ಯ ಗ್ರೇಡಿ ಪ್ರೂಯೆಟ್‌ರವರೇ,

ಲೂಯಿಸಿಯಾನಾದ ಈ ಮಕ್ಕಳ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಸೊಟ್ಟ ಕಾಲನ್ನು ನೆಟ್ಟಗೆ ಹಿಡಿದಿಡುವ ಬ್ರೇಸುಗಳನ್ನು ಮಾಡುತ್ತಿರುವ ವರ್ಲೀನ್ ಡೂಪ್ಲೆಸಿ ಎಂಬ ನಾನು ತಮಗೆ ಗೌರವಪೂರ್ವಕವಾಗಿ ವಂದಿಸುತ್ತೇನೆ. ನನ್ನದೂ ಟೇಪು ಹಿಡಿಯುವ ಕಸುಬೇ ಆದ್ದರಿಂದ ಈ ಸಲುಗೆಯನ್ನು ತಾವು ಮನ್ನಿಸಬೇಕು.

ನಮ್ಮ ಆಸ್ಪತ್ರೆಯ ಸಹಾಯಾರ್ಥ ಪ್ರತಿ ಜನವರಿಯಲ್ಲಿ ಕಾಲೇಜು ಹುಡುಗರಲ್ಲಿ ಅತ್ಯುತ್ತಮರನ್ನು ಆರಿಸಿ, ಪೂರ್ವ ಪಶ್ಚಿಮ ಎಂದು ಎರಡು ಪಾಲು ಮಾಡಿ ಆಡಿಸುವ ಪಂದ್ಯಕ್ಕೆ ತಾವು ಭಾನುವಾರವೇ ದಯಮಾಡಿಸಿದಿರಿ. ನಾಲ್ಕು ದಿನ ಅಭ್ಯಾಸ ನೋಡಿದಿರಿ, ಅಂಗೈ ಅಳೆದಿರಿ, ತೋಳು ಅಳೆದಿರಿ, ನಮ್ಮಲ್ಲಿಯ ಸೀಗಡಿ ಸಾರನ್ನು ಮೂರು ಸಲ ಹಾಕಿಸಿಕೊಂಡಿರಿ. ಆಮೇಲೆ, ಶನಿವಾರದ ಪಂದ್ಯವೊಂದನ್ನು ಮಾತ್ರ ಬಿಟ್ಟು, ಗುರುವಾರ ಮಧ್ಯಾಹ್ನವೇ ವಿಮಾನ ಹತ್ತಿದಿರಿ. ತಮ್ಮ ಕಸುಬಿನವರೆಲ್ಲ ಹೀಗೇ ಮಾಡುತ್ತಾರಂತೆ. ಮದುವೆಗೆ ಬಂದು ಅಡುಗೆಮನೆಯ ಪಾತ್ರೆಗಳನ್ನು ಎಣಿಸಿ ಧಾರೆಗೆ ಮುಂಚೆ ಹೊರಟುಹೋಗುವ ಈ ಪದ್ಧತಿಯನ್ನು ನಾನು ಮನಸಾರೆ ಮೆಚ್ಚಿದ್ದೇನೆ.

ನನ್ನ ದೂರು ಬುಧವಾರದ್ದು. ಆಟಗಾರರು ಆಸ್ಪತ್ರೆಯ ಮಕ್ಕಳನ್ನು ನೋಡಲು ಬಂದಾಗ ತಾವೂ ಜೊತೆಯಲ್ಲಿದ್ದಿರಿ. ಪೂರ್ವ ತಂಡದಲ್ಲಿ ಕಂಬಗಳ ನಡುವೆ ಚೆಂಡು ಒದೆಯುವ ಆಂಟ್ವಾನ್ ಬ್ರೂಸಾರ್ಡ್‌ನನ್ನು ಮಕ್ಕಳೆದುರೇ ನಿಲ್ಲಿಸಿ, ಎರಡೂ ಮೀನಖಂಡಕ್ಕೆ ಟೇಪು ಸುತ್ತಿ, "ಎಡಗಾಲು ಒಂದೂವರೆ ಇಂಚು ಸಣ್ಣ ಕಣಯ್ಯ. ಇಂಥ ಕಾಲನ್ನ ನಂಬೋಕಾಗಲ್ಲ," ಎಂದು ಅಪ್ಪಣೆ ಕೊಡಿಸಿದಿರಿ. ಆ ಕಾಲು ಹುಟ್ಟುವಾಗ ಪಾದ ಒಳಮುಖವಾಗಿ ತಿರುಚಿಕೊಂಡೇ ಬಂದಿತ್ತು. ಅವನು ಬೆಳೆದಂತೆಲ್ಲ ಅದಕ್ಕೆ ಒಂದಾದ ಮೇಲೊಂದು ಏಳು ಬ್ರೇಸು ಮಾಡಿಕೊಟ್ಟವಳು ನಾನು. ಹೀಗಾಗಿ ತಾವು ಅವನನ್ನು ಅಂದದ್ದಲ್ಲ, ನನ್ನ ಕೆಲಸವನ್ನು ಅಂದಿರಿ. ನನಗೆ ಮೈಯೆಲ್ಲ ಉರಿದುಹೋಯಿತು.

ಆಂಟ್ವಾನ್ ನಕ್ಕುಬಿಟ್ಟ. ಆದರೆ ತಮ್ಮ ಮೊಣಕೈ ಪಕ್ಕದಲ್ಲಿ ಎಂಟು ವರ್ಷದ ಜೋಸೆಟ್ ನಿಂತಿದ್ದಳು. ಅವಳ ಎಡಗಾಲೂ ಅಂಥದ್ದೇ. ಬ್ರೇಸನ್ನು ಗಲಾಟೆಯಿಲ್ಲದೆ ಹಾಕಿಕೊಳ್ಳುವಂತೆ ಮಾಡಲು ನನಗೆ ಒಂಬತ್ತು ತಿಂಗಳು ಹಿಡಿದಿತ್ತು. ಆ ಸಂಜೆ ಅದು ಕೊಳೆಬಟ್ಟೆಯ ಬುಟ್ಟಿಯ ತಳದಲ್ಲಿ ಸಿಕ್ಕಿತು. "ಹೆಂಗಿದ್ರೂ ನಂಬೋಕಾಗದ ಕಾಲು ಅಲ್ವಾ ಮಿಸ್ ವರ್ಲೀನ್, ಅದಕ್ಕ್ಯಾಕೆ ಇಷ್ಟೆಲ್ಲ ಸೇವೆ?" ಎಂದಳು. ಡಾಕ್ಟರು ಹೇಳಿದರೂ ಕೇಳಲಿಲ್ಲ, ಅವರಮ್ಮ ಅತ್ತರೂ ಕೇಳಲಿಲ್ಲ. ಬ್ರೇಸು ಬಿಟ್ಟರೆ ಆ ಪಾದ ಮತ್ತೆ ಒಳಕ್ಕೆ ತಿರುಗುತ್ತದೆ. ಒಂದೇ ವಾಕ್ಯದಲ್ಲಿ ಒಂಬತ್ತು ತಿಂಗಳ ಕೆಲಸವನ್ನು ಕೆಡವಿದ ತಮ್ಮ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ.

ತಾವು ನೋಡದ ಶನಿವಾರದ ವರದಿ ಹೀಗಿದೆ. ಬೆಳಗಿನಿಂದ ಜಿನುಗುತ್ತಿದ್ದ ಮಳೆಗೆ ಮೈದಾನ ಸೋಪು ಸವರಿದ ಹಾಗಿತ್ತು. ಪಶ್ಚಿಮದ ಒದೆಗಾರ, ಎರಡೂ ಕಾಲು ಒಂದೇ ಅಳತೆಯ ಸುಂದರಾಂಗ, ಎರಡು ಸಲ ಜಾರಿ ಕೂತ. ಆಂಟ್ವಾನ್ ಎಡಗಾಲನ್ನು ಊರಿ ಬಲಗಾಲಲ್ಲಿ ಮೂರು ಸಲ ಒದ್ದ, ಮೂರೂ ಕಂಬಗಳ ನಡುವೆಯೇ ಹೋದವು. ಕೊನೆಯ ಗಳಿಗೆಯಲ್ಲಿ ಎರಡು ಅಂಕ ಹಿಂದಿದ್ದೆವು, ಒಂದು ಒದೆತ ಒಳಗೆ ಹೋದರೆ ಮೂರು ಅಂಕ, ಅವನು ನಾಲ್ಕನೆಯದನ್ನು ಒದ್ದ. ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಸೋತೆವು.

ಬ್ರೇಸಿಲ್ಲದ್ದರಿಂದ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಜೋಸೆಟ್ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ, ಇನ್ನು ಇವಳು ಬ್ರೇಸು ಮುಟ್ಟುವುದಿಲ್ಲ ಎಂದುಕೊಂಡೆ. ಅವಳು ಮಾತ್ರ ಬೇಲಿಯ ಬಳಿ ಮುಖ ಸಣ್ಣಗೆ ಮಾಡಿಕೊಂಡು ಬಂದ ಆಂಟ್ವಾನ್‌ನನ್ನು ತಡೆದು, "ತಪ್ಪಿಸಿದ್ದು ನಿನ್ನ ದಪ್ಪ ಕಾಲು. ಸಣ್ಣದು ನಿಂತಲ್ಲಿಂದ ಅಲ್ಲಾಡಲೇ ಇಲ್ಲ, ನಾನು ಅದನ್ನೇ ನೋಡ್ತಿದ್ದೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಬ್ರೇಸು ಎಲ್ಲಿಟ್ಟಿದ್ದೀರಿ?" ಎಂದಳು. ಅದು ಬುಧವಾರದಿಂದ ನನ್ನ ಚೀಲದಲ್ಲೇ ಇತ್ತು. ಅಲ್ಲೇ ಕೆಸರಿನಲ್ಲಿ ಮೊಣಕಾಲೂರಿ ಪಟ್ಟಿ ಬಿಗಿದೆ.

ಆದಕಾರಣ ನನ್ನ ವಿನಮ್ರ ಬೇಡಿಕೆಗಳಿವು. ಬರುವ ವರ್ಷ ತಮ್ಮ ಅನುಕೂಲಕ್ಕಾಗಿ ಪಂದ್ಯವನ್ನು ವಿಮಾನ ನಿಲ್ದಾಣದಲ್ಲಿ, ಸಾಮಾನು ಹೊತ್ತು ತಿರುಗುವ ಪಟ್ಟಿಯ ಮೇಲೆಯೇ ಆಡಿಸಲಾಗುವುದು, ದಯವಿಟ್ಟು ಹತ್ತು ನಿಮಿಷ ನಿಲ್ಲಿ. ಮಳೆಯಲ್ಲಿ ಊರಿದ ಕಾಲು ಎಷ್ಟು ಗಟ್ಟಿ ಎಂದು ಅಳೆಯುವ ಟೇಪು ಎಲ್ಲಿಯಾದರೂ ಸಿಕ್ಕರೆ ನನಗೊಂದು ಕಳಿಸಿ. ಅಲ್ಲಿಯವರೆಗೆ ಮಕ್ಕಳಿರುವ ಕಡೆ ತಮ್ಮ ಟೇಪು ಜೇಬಿನಲ್ಲೇ ಇರಲಿ. ಈ ಕೊನೆಯದು ಬೇಡಿಕೆಯಲ್ಲ.

ತಮ್ಮ ವಿಶ್ವಾಸಿ, ಏಳೂ ಬ್ರೇಸುಗಳ ಹೊಣೆ ಹೊರುವ,
ವರ್ಲೀನ್ ಡೂಪ್ಲೆಸಿ

ತಾ.ಕ.: ಬುಧವಾರ ತಾವು ಬಾಗಿಲ ಕಡೆ ನಡೆದುಹೋಗುವಾಗ ನೋಡಿದೆ, ಬಲ ಬೂಟಿನ ಹಿಮ್ಮಡಿ ಒಂದೇ ಬದಿ ಸವೆದಿದೆ, ಸೊಂಟವೂ ವಾಲುತ್ತದೆ. ತಮ್ಮ ಒಂದು ಕಾಲು ಇನ್ನೊಂದಕ್ಕಿಂತ ಅರ್ಧ ಇಂಚಾದರೂ ಗಿಡ್ಡ. ನಮ್ಮದು ಮಕ್ಕಳ ಆಸ್ಪತ್ರೆಯಾದರೂ ಬೂಟಿನೊಳಗೆ ಇಡಲು ಒಂದು ಮೆತ್ತೆ ಮಾಡಿಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗಿ. ಪಂದ್ಯದ ಶನಿವಾರ ಮಾತ್ರ ಕೊಡುತ್ತೇನೆ.